ಮೊಬೈಲ್‌ನಲ್ಲಿ ಕಲಿತ ಮಗಳು, ಹಾಲಿನ ಸಂಘಕ್ಕೆ ಬಲ



2020ರ ಮಾರ್ಚ್‌ನಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದ್ದು ನಿಮಗೆ ನೆನಪಿದೆ. ಆ ಜುಲೈನಿಂದ ಪ್ರೌಢಶಾಲೆಯ ಮಕ್ಕಳಿಗೆ ಚಂದನ ವಾಹಿನಿಯಲ್ಲಿ ಪಾಠ ಬಂತು. ಶಿಕ್ಷಕರು ಮೊಬೈಲ್‌ಗೆ ಅಭ್ಯಾಸ ಕಳಿಸಿದರು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂದಾಗ ಗುಡಿಯ ಕಟ್ಟೆ, ಮರದ ನೆರಳೇ ಶಾಲೆಯಾಯಿತು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರಂದು, ಎರಡೇ ದಿನದಲ್ಲಿ ಮುಗಿಯಿತು. ಬರೆದವರು ಹೆಚ್ಚುಕಡಿಮೆ ಎಲ್ಲರೂ ಪಾಸಾದರು. ಜನ ಅವರನ್ನು ‘ಕೊರೋನಾ ಪಾಸ್’ ಎಂದು ಕರೆದು ನಕ್ಕರು.

ಆ ಹುಡುಗಿಯರಿಗೆ ಈಗ ಇಪ್ಪತ್ತು ದಾಟಿದೆ. ಇಟ್ಟಂಗಿಹಾಳ, ತಿಕೋಟಾ, ಬಬಲೇಶ್ವರದ ಮನೆಗಳಲ್ಲಿ ಅವರು ಮಗಳಾಗಿ, ಸೊಸೆಯಾಗಿ ಇದ್ದಾರೆ. ಅವರ ಓದಿನಲ್ಲಿ ಕೊರತೆ ಉಳಿದಿರಬಹುದು. ಆದರೆ ಕೈಯಲ್ಲಿರುವ ಮೊಬೈಲ್‌ನಿಂದ ತಾವೇ ಕಲಿಯುವುದು ಅವರಿಗೆ ರೂಢಿಯಾಗಿದೆ. ಇವತ್ತು ಹೈನುಗಾರಿಕೆಗೆ ಬೇಕಾಗಿರುವುದೂ ಅದೇ. ಅವರಿಂದ ನಿಮಗೂ ನಿಮ್ಮ ಸಂಘಕ್ಕೂ ಆಗುವ ನಾಲ್ಕು ಕೆಲಸಗಳನ್ನು ಇಲ್ಲಿ ಹೇಳುತ್ತೇನೆ.

1. ಬೆದೆ ಮತ್ತು ಗಬ್ಬದ ಲೆಕ್ಕ

ಆಕಳಿಗೆ ಜೂನ್ 1ರಂದು ಕೃತಕ ಗರ್ಭಧಾರಣೆ ಮಾಡಿಸಿದಿರಿ ಎನ್ನೋಣ. ಮಗಳು ಆ ದಿನವೇ ಮೊಬೈಲ್‌ನ ಕ್ಯಾಲೆಂಡರ್‌ನಲ್ಲಿ ನಾಲ್ಕು ದಿನಾಂಕ ಹಾಕಿಡಲಿ. ಜೂನ್ 22ರ ಆಸುಪಾಸು ಮತ್ತೆ ಬೆದೆಗೆ ಬಂತೇ ನೋಡಬೇಕು. ಬರದಿದ್ದರೆ ಸೆಪ್ಟೆಂಬರ್ ಮೊದಲ ವಾರ ಗಬ್ಬದ ಪರೀಕ್ಷೆ ಮಾಡಿಸಬೇಕು. ಜನವರಿ 7ರ ಹೊತ್ತಿಗೆ ಹಾಲು ಹಿಂಡುವುದನ್ನು ನಿಲ್ಲಿಸಿ ಎರಡು ತಿಂಗಳು ವಿಶ್ರಾಂತಿ ಕೊಡಬೇಕು. ಮಾರ್ಚ್ 8ರ ಸುಮಾರಿಗೆ ಕರು ಹಾಕುತ್ತದೆ. ಆಕಳ ಗಬ್ಬದ ಅವಧಿ ಸುಮಾರು 280 ದಿನ. ಎಮ್ಮೆಗೆ ಸುಮಾರು 310 ದಿನ, ಅಂದರೆ ಅದು ಏಪ್ರಿಲ್ 7ರ ಸುಮಾರಿಗೆ ಈಯುತ್ತದೆ.

ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿ. ಒಂದು ಬೆದೆ ತಪ್ಪಿದರೆ 21 ದಿನ ಬರಿದೇ ಕಣಿಕೆ, ಹಿಂಡಿ ಹಾಕಿದಂತೆ.

2. ಕಿವಿಯೋಲೆ ಮತ್ತು ಲಸಿಕೆ

ನಿಮ್ಮ ದನದ ಕಿವಿಯಲ್ಲಿರುವ ಹಳದಿ ಓಲೆಯಲ್ಲಿ 12 ಅಂಕಿಗಳಿವೆ. ಲಸಿಕೆ, ಗರ್ಭಧಾರಣೆ, ಚಿಕಿತ್ಸೆಯ ವಿವರ ಸರ್ಕಾರದ ಭಾರತ್ ಪಶುಧನ್ ವ್ಯವಸ್ಥೆಯಲ್ಲಿ ಆ ಸಂಖ್ಯೆಯ ಮೇಲೆಯೇ ದಾಖಲಾಗುತ್ತದೆ. ಮಗಳು ಪ್ರತಿ ದನದ ಓಲೆಯ ಫೋಟೋ ತೆಗೆದು ಇಟ್ಟುಕೊಳ್ಳಲಿ. ಓಲೆ ಬಿದ್ದುಹೋದರೂ ಸಂಖ್ಯೆ ಉಳಿಯುತ್ತದೆ. ಕಾಲುಬಾಯಿ ಬೇನೆಯ ಲಸಿಕೆ ವರ್ಷಕ್ಕೆ ಎರಡು ಸಲ. 4ರಿಂದ 8 ತಿಂಗಳೊಳಗಿನ ಹೆಣ್ಣುಗರುವಿಗೆ ಕಂದುರೋಗದ ಲಸಿಕೆ ಒಂದೇ ಸಲ. ಆ ವಯಸ್ಸು ದಾಟಿದ ಮೇಲೆ ಆ ಲಸಿಕೆ ಹಾಕುವಂತಿಲ್ಲ. ಹೀಗಾಗಿ ಕರು ಹುಟ್ಟಿದ ದಿನಾಂಕವನ್ನೂ ಬರೆದಿಡಿ.

3. ಹಾಲಿನ ಚೀಟಿ ಮತ್ತು ಬ್ಯಾಂಕಿನ ಸಂದೇಶ

ಚೀಟಿಯಲ್ಲಿ ಲೀಟರ್ ಜೊತೆಗೆ ಜಿಡ್ಡು ಮತ್ತು ಜಿಡ್ಡೇತರ ಘನಾಂಶ ಇರುತ್ತದೆ. ಆಕಳ ಹಾಲಿಗೆ ಜಿಡ್ಡು 3.5, ಜಿಡ್ಡೇತರ ಘನಾಂಶ 8.5 ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ವಾರದ ಚೀಟಿಗಳನ್ನು ಮಗಳು ಸಾಲಾಗಿ ಬರೆದರೆ ಇಳಿತ ಯಾವ ದಿನ ಶುರುವಾಯಿತೆಂದು ಕಾಣುತ್ತದೆ. ಒಮ್ಮೆಲೇ ಇಳಿದರೆ ಮೇವು ಬದಲಾಯಿತೇ, ಕೆಚ್ಚಲು ಬಾವು ಇದೆಯೇ ನೋಡಿ. ಪ್ರೋತ್ಸಾಹಧನ ನೇರ ಖಾತೆಗೆ ಬರುತ್ತದೆ. ಬರದಿದ್ದರೆ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಮೊದಲು ವಿಚಾರಿಸಿ. ಒಟಿಪಿಯನ್ನು ಮಾತ್ರ ಯಾರಿಗೂ ಹೇಳಬೇಡಿ, ಬ್ಯಾಂಕಿನವರೆಂದು ಹೇಳಿಕೊಂಡವರಿಗೂ.

4. ಡಾಕ್ಟರಿಗೆ ಸರಿಯಾದ ಸುದ್ದಿ

ದನ ಮಲಗಿ ಏಳದಿದ್ದರೆ, ಹೊಟ್ಟೆ ಉಬ್ಬಿದರೆ, ಈಯಲು ಕಷ್ಟಪಟ್ಟರೆ 1962ಕ್ಕೆ ಕರೆ ಮಾಡಿ. ಕರೆ ಉಚಿತ. ಯಾವಾಗ ಶುರುವಾಯಿತು, ಏನು ತಿಂದಿತ್ತು, ಸಗಣಿ ಹಾಕಿದೆಯೇ, ಎಷ್ಟು ತಿಂಗಳ ಗಬ್ಬ ಎಂಬುದನ್ನು ಮಗಳು ಬರೆದುಕೊಂಡು ಹೇಳಿದರೆ ನಮಗೆ ಅರ್ಧ ಕೆಲಸ ಹಗುರ. ಆದರೆ ವಿಡಿಯೋ ನೋಡಿ ಇಂಜೆಕ್ಷನ್ ಕೊಡಬೇಡಿ, ನಾಟಿ ಎಣ್ಣೆ ಕುಡಿಸಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ದನ ಸಾಯುತ್ತದೆ. ಆಂಟಿಬಯೋಟಿಕ್ ಕೊಟ್ಟ ದನದ ಹಾಲನ್ನು ಡಾಕ್ಟರ್ ಹೇಳಿದಷ್ಟು ದಿನ ಸಂಘಕ್ಕೆ ಹಾಕಬಾರದು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ, ಹಾಲು ಕುಡಿದರೆ ಮನುಷ್ಯರಿಗೂ ರೋಗ ಬರುತ್ತದೆಂಬ ಸುಳ್ಳು ಸುದ್ದಿ ಮೊಬೈಲ್‌ನಲ್ಲೇ ಹರಿದಾಡಿತ್ತು. ಆ ರೋಗ ಮನುಷ್ಯರಿಗೆ ಬರುವುದಿಲ್ಲ. ಇಂಥ ಸುದ್ದಿ ಬಂದರೆ ಮುಂದೆ ಕಳಿಸುವ ಮೊದಲು ನಮ್ಮನ್ನು ಕೇಳುವ ರೂಢಿಯನ್ನು ಓದಿದ ಮಗಳೇ ಹಾಕಿಕೊಡಬೇಕು.

ಈಗ ನಿಮ್ಮ ಪಾಲಿನ ಕೆಲಸ. ಹುಡುಗಿಯ ಕೈಯಲ್ಲಿ ಮೊಬೈಲ್ ಕಂಡರೆ ಬೈಯುವ ಮೊದಲು ಅವಳಿಗೆ ಈ ಲೆಕ್ಕದ ಜವಾಬ್ದಾರಿ ಕೊಡಿ. ನಿಮ್ಮ ಮನೆಯದು ಸರಿಹೋದ ಮೇಲೆ ಅಕ್ಷರ ಬಾರದ ನೆರೆಮನೆಯವರ ದನದ ಲೆಕ್ಕವನ್ನೂ ಬರೆದುಕೊಡಲಿ. ಅವಳ ಶ್ರಮಕ್ಕೆ ಬೆಲೆಯೂ ಇರಲಿ. ಹಾಲು ಪರೀಕ್ಷಕಿ, ಸಂಘದ ಕಾರ್ಯದರ್ಶಿ, ಪಶು ಸಖಿ, ಇವೆಲ್ಲ ಇಂಥ ಹುಡುಗಿಯರು ಮಾಡಬಲ್ಲ ಕೆಲಸಗಳೇ.

ಅವಳ ಓದೂ ನಿಲ್ಲದಿರಲಿ. ಹತ್ತನೇ ತರಗತಿ ತಪ್ಪಿದವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷದೊಳಗೆ ವಿಷಯಗಳನ್ನು ಬಿಡಿಬಿಡಿಯಾಗಿ ಮುಗಿಸಬಹುದು. ಪದವಿಗೆ 1996ರಲ್ಲಿ ಆರಂಭವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಇಗ್ನೋದ ಪ್ರಾದೇಶಿಕ ಕೇಂದ್ರ ನಮ್ಮ ವಿಜಯಪುರದಲ್ಲೇ ಇದೆ. ಪಿಯುಸಿ ಆದವರಿಗೆ ಅಲ್ಲಿ ಡೇರಿ ತಂತ್ರಜ್ಞಾನದ ಡಿಪ್ಲೊಮಾ ಬಗ್ಗೆಯೂ ವಿಚಾರಿಸಬಹುದು. ದನ ಕಟ್ಟಿಕೊಂಡೇ ಓದಬಹುದು.

ಮುಂದಿನ ಸಂಘದ ಸಭೆಗೆ ನಿಮ್ಮ ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆತನ್ನಿ. ಬರುವಾಗ ಅವಳ ಕೈಯಲ್ಲಿ ನಿಮ್ಮ ದನಗಳ ಕಿವಿಯೋಲೆ ಸಂಖ್ಯೆ ಮತ್ತು ಕೊನೆಯ ಬಾರಿ ಈದ ದಿನಾಂಕ ಬರೆದ ಪಟ್ಟಿ ಇರಲಿ. ಉಳಿದ ದಿನಾಂಕಗಳನ್ನು ಅಲ್ಲೇ ಕೂತು ಲೆಕ್ಕ ಹಾಕೋಣ.

— ಪಶು ವೈದ್ಯಾಧಿಕಾರಿ