ಶಿಶುಗಳಲ್ಲಿ ಕತ್ತು ವಾಲುವಿಕೆ: ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮ ಹಾಗೂ ಚಿಕಿತ್ಸೆ

ಹುಟ್ಟಿದ ಕೆಲವೇ ವಾರಗಳಲ್ಲಿ ಶಿಶುವಿನ ತಲೆಯು ಸದಾ ಒಂದೇ ಭುಜದ ಕಡೆಗೆ ವಾಲಿದ್ದು, ಗದ್ದವು ಎದುರು ಬದಿಗೆ ತಿರುಗಿರುವುದು ಕಂಡುಬಂದಲ್ಲಿ ಪೋಷಕರು ಕೂಡಲೇ ವೈದ್ಯರ ಗಮನಕ್ಕೆ ತರತಕ್ಕದ್ದು. ಇದನ್ನು ವೈದ್ಯಕೀಯವಾಗಿ ಟಾರ್ಟಿಕಾಲಿಸ್ ಎನ್ನಲಾಗುತ್ತದೆ. ಕಿವಿಯ ಹಿಂದಿನ ಮೂಳೆಯಿಂದ ಎದೆಯ ಮೇಲ್ಭಾಗದವರೆಗೆ ಇಳಿಯುವ ಸ್ನಾಯುವು ಒಂದು ಬದಿಯಲ್ಲಿ ಬಿಗಿದು ಗಿಡ್ಡವಾಗಿರುವುದು ಇದಕ್ಕೆ ಸಾಮಾನ್ಯ ಕಾರಣ. ಗರ್ಭದಲ್ಲಿ ಶಿಶು ಇದ್ದ ಭಂಗಿಯಿಂದ ಅಥವಾ ಕಷ್ಟದ ಹೆರಿಗೆಯಿಂದ ಹೀಗಾಗಬಹುದು. ತಾಯಿಯು ಗ್ರಹಣ ಕಾಲದಲ್ಲಿ ಹೊರಬಂದುದರಿಂದ ಖಂಡಿತ ಅಲ್ಲ. ಕೆಲವು ಶಿಶುಗಳಲ್ಲಿ ಆ ಸ್ನಾಯುವಿನ ಮೇಲೆ ಗಟ್ಟಿಯಾದ ಸಣ್ಣ ಗಂಟು ಕೈಗೆ ಸಿಗುತ್ತದೆ. ಇದು ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ಕರಗುತ್ತದೆಯಾದರೂ ವೈದ್ಯರಿಂದ ಪರೀಕ್ಷಿಸಿಕೊಳ್ಳುವುದು ಅವಶ್ಯ.

ವಿಳಂಬ ಏಕೆ ಸಲ್ಲದು?

ಮೊದಲ ಮೂರು ತಿಂಗಳೊಳಗೆ ವ್ಯಾಯಾಮ ಆರಂಭಿಸಿದ ಬಹುಪಾಲು ಶಿಶುಗಳು ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತವೆ. ಆರು ತಿಂಗಳ ನಂತರ ಆರಂಭಿಸಿದಲ್ಲಿ ಚಿಕಿತ್ಸೆಯ ಅವಧಿ ದೀರ್ಘವಾಗುತ್ತದೆ. ದೊಡ್ಡವನಾದ ಮೇಲೆ ಸರಿಹೋದೀತೆಂದು ಕಾದು ಕುಳಿತಲ್ಲಿ ತಲೆಯ ಒಂದು ಬದಿ ಚಪ್ಪಟೆಯಾಗಬಹುದು, ಮುಖದ ಎರಡು ಬದಿಗಳ ಬೆಳವಣಿಗೆಯಲ್ಲಿ ವ್ಯತ್ಯಾಸ ಉಂಟಾಗಬಹುದು.

ಮನೆಯಲ್ಲಿ ವ್ಯಾಯಾಮ

ಬಲಭಾಗದ ಸ್ನಾಯು ಬಿಗಿದಿದೆ ಎಂದು ಭಾವಿಸೋಣ. ಶಿಶುವನ್ನು ಅಂಗಾತ ಮಲಗಿಸಿ, ಬಲಭುಜವನ್ನು ಒಂದು ಕೈಯಿಂದ ಮೃದುವಾಗಿ ಹಿಡಿದು, ಇನ್ನೊಂದು ಕೈಯಿಂದ ತಲೆಯನ್ನು ಎಡಕ್ಕೆ ವಾಲಿಸಿ, ಎಡಗಿವಿಯನ್ನು ಎಡಭುಜದ ಸಮೀಪಕ್ಕೆ ತರಬೇಕು. ಬಳಿಕ ಪ್ರತ್ಯೇಕವಾಗಿ ಗದ್ದವನ್ನು ನಿಧಾನವಾಗಿ ಬಲಭುಜದತ್ತ ತಿರುಗಿಸಬೇಕು. ಎಡಭಾಗ ಬಿಗಿದಿದ್ದಲ್ಲಿ ಕ್ರಮವು ವಿರುದ್ಧ. ಎಷ್ಟು ಸೆಕೆಂಡು ಹಿಡಿಯಬೇಕು, ದಿನಕ್ಕೆ ಎಷ್ಟು ಬಾರಿ ಮಾಡಿಸಬೇಕು ಎಂಬುದನ್ನು ಫಿಸಿಯೋಥೆರಪಿಸ್ಟರು ನಿಗದಿಪಡಿಸುತ್ತಾರೆ. ಅವರ ಎದುರಿಗೆ ಒಮ್ಮೆ ಮಾಡಿ ತೋರಿಸಿದ ನಂತರವೇ ಮನೆಯಲ್ಲಿ ಆರಂಭಿಸುವುದು. ಶಿಶು ಪ್ರತಿರೋಧಿಸಿದಲ್ಲಿ, ಮುಖದ ಬಣ್ಣ ಬದಲಾದಲ್ಲಿ ಅಥವಾ ಉಸಿರಾಟದಲ್ಲಿ ವ್ಯತ್ಯಾಸವಾದಲ್ಲಿ ಕೂಡಲೇ ನಿಲ್ಲಿಸತಕ್ಕದ್ದು.

ಬಾಣಂತನದ ಮನೆಗಳಲ್ಲಿ ಶಿಶುವಿಗೆ ಎಣ್ಣೆ ಹಚ್ಚಿ ಎರೆಯುವುದಕ್ಕೆ ಆಕ್ಷೇಪಣೆ ಇರುವುದಿಲ್ಲ. ಆದರೆ ಎರೆಯುವ ಹಿರಿಯರು ಕತ್ತನ್ನು ನೆಟ್ಟಗೆ ಮಾಡುತ್ತೇವೆಂದು ಬಲವಂತವಾಗಿ ಎಳೆಯುವುದು, ತಿರುಚುವುದು ಅಪಾಯಕರ. ಹಿರಿಯರಿಗೆ ಇದನ್ನು ಹೇಳಲು ಸೊಸೆಗೆ ಸಂಕೋಚವಾಗುವುದು ಸಹಜ. ಆದುದರಿಂದ ಚಿಕಿತ್ಸಾಲಯಕ್ಕೆ ಹೋಗುವಾಗ ಅಜ್ಜಿಯನ್ನೂ ಜೊತೆಗೆ ಕರೆದೊಯ್ಯುವುದು ಉತ್ತಮ.

ವ್ಯಾಯಾಮದಷ್ಟೇ ಮುಖ್ಯವಾದುದು ಶಿಶುವು ತಾನಾಗಿಯೇ ಕತ್ತು ತಿರುಗಿಸುವಂತೆ ಮಾಡುವುದು. ಮೇಲಿನ ಉದಾಹರಣೆಯಲ್ಲಿ ಶಿಶುವಿನ ಎಡಕ್ಕೆ ಗೋಡೆ, ಬಲಕ್ಕೆ ಮನೆಯವರ ಓಡಾಟ ಇರುವಂತೆ ಮಲಗಿಸಿದರೆ ಅದು ಬಲಕ್ಕೆ ನೋಡುತ್ತದೆ. ಗಿಲಕಿಯನ್ನೂ ಬಲಗಡೆಯಿಂದಲೇ ಆಡಿಸಬೇಕು. ಎಚ್ಚರವಿರುವಾಗ, ದೊಡ್ಡವರ ಕಣ್ಣೆದುರಿಗೆ, ದಿನಕ್ಕೆ ಹಲವು ಬಾರಿ ಸ್ವಲ್ಪ ಹೊತ್ತು ಬೋರಲು ಮಲಗಿಸಬೇಕು. ತಾಯಿಯ ಎದೆಯ ಮೇಲಾದರೂ ಸರಿಯೇ. ನಿದ್ರೆಗೆ ಮಾತ್ರ ಅಂಗಾತವಾಗಿಯೇ ಮಲಗಿಸತಕ್ಕದ್ದು.

ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕವಾರು ಎಷ್ಟು ಬಾರಿ ವ್ಯಾಯಾಮವಾಯಿತೆಂದು ಬರೆದಿಡುವುದು, ವಾರಕ್ಕೊಮ್ಮೆ ಒಂದೇ ಭಂಗಿಯಲ್ಲಿ ಛಾಯಾಚಿತ್ರ ತೆಗೆಯುವುದು ಉಪಯುಕ್ತ. ದಿನವೂ ನೋಡುವ ಕಣ್ಣಿಗೆ ಕಾಣದ ಸುಧಾರಣೆ ಛಾಯಾಚಿತ್ರದಲ್ಲಿ ಕಾಣುತ್ತದೆ.

ವ್ಯಾಯಾಮ ಮಾಡಿಸಬಾರದ ಸಂದರ್ಭಗಳು

ಎಲ್ಲ ವಾಲುವಿಕೆಯೂ ಸ್ನಾಯುವಿನದಲ್ಲ. ಚೆನ್ನಾಗಿದ್ದ ಮಗುವಿನ ಕತ್ತು ಹಠಾತ್ತಾಗಿ ವಾಲಿದಲ್ಲಿ, ಜ್ವರ, ನುಂಗಲು ತೊಂದರೆ, ಪದೇ ಪದೇ ವಾಂತಿ ಅಥವಾ ಬಿದ್ದ ಪೆಟ್ಟು ಇದ್ದಲ್ಲಿ ಕತ್ತನ್ನು ಮುಟ್ಟದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯುವುದು. ಮೆಳ್ಳೆಗಣ್ಣಿನಿಂದಲೂ ಕತ್ತೆಲುಬಿನ ದೋಷದಿಂದಲೂ ತಲೆ ವಾಲಬಹುದು. ಈ ಶಿಶುಗಳಲ್ಲಿ ಸೊಂಟದ ಕೀಲಿನ ದೋಷವೂ ಜೊತೆಗಿರುವ ಸಾಧ್ಯತೆ ಇರುವುದರಿಂದ ಅದನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೋರಬೇಕು.

ಎಲ್ಲಿ ಸಂಪರ್ಕಿಸಬೇಕು?

ಹೆರಿಗೆಯ ನಂತರ 42 ದಿನಗಳವರೆಗೆ ಮನೆಗೆ ಭೇಟಿ ನೀಡುವ ಆಶಾ ಕಾರ್ಯಕರ್ತೆಗೆ ಮೊದಲು ತೋರಿಸಬಹುದು. ಒಂದೂವರೆ ತಿಂಗಳ ಲಸಿಕೆಯ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಲ್ಲಿ ಕತ್ತನ್ನು ಪರೀಕ್ಷಿಸುವಂತೆ ತಪ್ಪದೆ ಕೇಳಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ, ಅಗತ್ಯವಿದ್ದಲ್ಲಿ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುತ್ತವೆ. ಹೋಗುವಾಗ ತಾಯಿ ಕಾರ್ಡನ್ನೂ ಮೇಲೆ ಹೇಳಿದ ನೋಟ್‌ಬುಕ್ಕನ್ನೂ ಕೊಂಡೊಯ್ಯುವುದು.