ಒಂದು ದಾರಕ್ಕೆ ಐದು ಗಾಳ

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಟೆನೆಸ್ಸೀ ನದಿಗೆ ಅಡ್ಡವಾಗಿ ಕಟ್ಟಿದ ಗಂಟರ್ಸ್‌ವಿಲ್ ಎಂಬ ದೊಡ್ಡ ಜಲಾಶಯವಿದೆ. 2011ರ ಅಕ್ಟೋಬರ್‌ನಲ್ಲಿ ಅಲ್ಲಿ ನಡೆದ ಬಾಸ್ ಮೀನಿನ ಪಂದ್ಯವನ್ನು ಪಾಲ್ ಇಲಿಯಾಸ್ ಗೆದ್ದರು. ದಿನಕ್ಕೆ ಐದರಂತೆ ನಾಲ್ಕು ದಿನಕ್ಕೆ ಇಪ್ಪತ್ತು ಮೀನು, ಒಟ್ಟು 102 ಪೌಂಡ್ 8 ಔನ್ಸ್. ನಮ್ಮ ಲೆಕ್ಕದಲ್ಲಿ 46 ಕಿಲೋ ದಾಟಿದ ತೂಕ. ಇಲಿಯಾಸ್ 1982ರಲ್ಲೇ ಈ ಆಟದ ಅತಿ ದೊಡ್ಡ ಪಂದ್ಯವಾದ ಬಾಸ್‌ಮಾಸ್ಟರ್ ಕ್ಲಾಸಿಕ್ ಗೆದ್ದಿದ್ದ ಹಳೆಯ ಹುಲಿ, ಹಾಗಾಗಿ ಗೆದ್ದದ್ದರಲ್ಲಿ ಅಚ್ಚರಿಯೇನೂ ಇರಲಿಲ್ಲ. ಎಲ್ಲರ ಕಣ್ಣು ನೆಟ್ಟದ್ದು ಅವರ ದಾರದ ತುದಿಗೆ. ಅಲ್ಲಿ ಒಂದು ಸಣ್ಣ ತಲೆ, ಅದರಿಂದ ಬಟ್ಟೆ ಕಳಚಿದ ಕೊಡೆಯ ಕಡ್ಡಿಗಳಂತೆ ಚಾಚಿದ ಐದು ತಂತಿ, ಪ್ರತಿ ತಂತಿಗೂ ಗಾಳ ಚುಚ್ಚಿದ ಒಂದೊಂದು ರಬ್ಬರ್ ಮೀನು. ನೀರಿನಲ್ಲಿ ಎಳೆದರೆ ಮರಿಮೀನುಗಳ ಪುಟ್ಟ ಹಿಂಡೇ ಈಜುತ್ತಿರುವಂತೆ ಕಾಣುತ್ತದೆ. ದೋಣಿಯ ಹಿಂದೆ ಇಂಥದನ್ನು ಕಟ್ಟಿ ಎಳೆಯುವ ಪದ್ಧತಿ ಕಡಲ ಮೀನುಗಾರರಲ್ಲಿ ಮೊದಲೇ ಇತ್ತು. ಅದನ್ನು ಕೋಲಿನಿಂದ ಬೀಸಿ ಎಸೆಯಬಹುದಾದ ಸಲಕರಣೆಯಾಗಿಸಿದವರು ಅಲಬಾಮಾದವರೇ ಆದ ಆಂಡಿ ಪಾಸ್. ಅದಕ್ಕೇ ಇದಕ್ಕೆ ಅಲಬಾಮಾ ರಿಗ್ ಎಂಬ ಹೆಸರು ಬಂತು.

ಆ ಗೆಲುವಿನ ಬೆನ್ನಲ್ಲೇ ಅಂಗಡಿಗಳಲ್ಲಿ ಈ ತಂತಿಗೆ ನೂಕುನುಗ್ಗಲು, ಆಟಗಾರರಲ್ಲಿ ಜಗಳ. ಕ್ಲಾಸಿಕ್ ಪಂದ್ಯ ನಡೆಸುವ ಬಿ.ಎ.ಎಸ್.ಎಸ್. ಸಂಸ್ಥೆ 2012ರ ಋತುವಿನಿಂದಲೇ ತನ್ನ ಎಲೀಟ್ ಸರಣಿಯಲ್ಲೂ ಕ್ಲಾಸಿಕ್‌ನಲ್ಲೂ ಇದನ್ನು ಹೊರಗಿಟ್ಟಿತು. ಇಲಿಯಾಸ್ ಗೆದ್ದ ಪಂದ್ಯವನ್ನು ನಡೆಸಿದ್ದ ಎಫ್‌ಎಲ್‌ಡಬ್ಲ್ಯು ಕೂಡ 2014ರ ಹೊತ್ತಿಗೆ ತನ್ನ ಮುಖ್ಯ ಟೂರ್‌ನಲ್ಲಿ ಅದೇ ಹಾದಿ ಹಿಡಿಯಿತು. ಈ ನಿಷೇಧ ಸರಿಯೇ? ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಮಾತ್ರ ಸರಿಯಿಲ್ಲ.

ಸಾಮಾನ್ಯವಾಗಿ ಕೇಳಿಬರುವುದು ಮೀನಿನ ಸಂತತಿಯ ಮಾತು. ಐದು ಗಾಳ ಬಿಟ್ಟರೆ ಕೆರೆ ಬರಿದಾಗದೇ ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ. ಆದರೆ ಈ ಪಂದ್ಯಗಳ ಸ್ವರೂಪವೇ ಬೇರೆ. ದಿನದ ಕೊನೆಗೆ ತಕ್ಕಡಿಗೆ ಹೋಗುವುದು ಐದೇ ಮೀನು, ಯಾವ ಸಲಕರಣೆ ಬಳಸಿದರೂ ಅಷ್ಟೇ. ಬಿ.ಎ.ಎಸ್.ಎಸ್. ಸ್ಥಾಪಕ ರೇ ಸ್ಕಾಟ್ 1972ರಲ್ಲೇ ಹಿಡಿದ ಮೀನನ್ನು ಜೀವಂತ ನೀರಿಗೆ ಬಿಡುವ ಪದ್ಧತಿ ತಂದರು. ದೋಣಿಯ ತೊಟ್ಟಿಯಲ್ಲಿ ಮೀನನ್ನು ಉಸಿರಾಡಿಸಿಕೊಂಡೇ ತಂದು, ತೂಗಿ, ಮರಳಿ ಬಿಡುತ್ತಾರೆ. ಬಿಟ್ಟದ್ದೆಲ್ಲ ಬದುಕುತ್ತದೆ ಎಂದಲ್ಲ. ಬಾಯಿಗೆ ಒಂದು ಗಾಳ ಸಿಕ್ಕಿದ ಮೀನು ಒದ್ದಾಡುವಾಗ ಪಕ್ಕದ ಗಾಳ ಕಣ್ಣಿಗೋ ಹೊಟ್ಟೆಗೋ ನಾಟಬಹುದೆಂಬ ಅಳುಕು ನಿಜವಾದದ್ದೇ. ಆದರೆ ಅದಕ್ಕೆ ಮದ್ದು ಗಾಳದ ಸಂಖ್ಯೆ ಕಡಿಮೆ ಮಾಡುವುದು, ತಂತಿಯನ್ನೇ ಕಿತ್ತೊಗೆಯುವುದಲ್ಲ. ಒಂದು ದಾರಕ್ಕೆ ಇಂತಿಷ್ಟೇ ಗಾಳ ಎಂದು ಮಿತಿ ಹಾಕಿರುವ ಅಮೆರಿಕದ ರಾಜ್ಯಗಳಿವೆ. ಅಂಥ ಕಡೆ ಮೀನುಗಾರರು ಒಂದೆರಡು ರಬ್ಬರ್ ಮೀನಿಗಷ್ಟೇ ಗಾಳ ಹಾಕಿ ಉಳಿದವನ್ನು ಬರೀ ಬೊಂಬೆಗಳಂತೆ ತೇಲಿಸುತ್ತಾರೆ. ಮೀನನ್ನು ಕಾಯುವುದು ಸರ್ಕಾರದ ಕಾನೂನಿನ ಕೆಲಸ, ಅದು ಪಂದ್ಯದವರಿಗೂ ಭಾನುವಾರದ ಹವ್ಯಾಸಿಗೂ ಒಂದೇ. ಪಂದ್ಯದ ನಿಯಮಕ್ಕೆ ಇರುವ ಕೆಲಸ ಬೇರೆ. ಯಾರು ಹೆಚ್ಚು ಬಲ್ಲವರು ಎಂದು ಅಳೆಯುವುದು ಅದರ ಕೆಲಸ. ಈ ಎರಡನ್ನೂ ಕಲಸಿದ್ದರಿಂದಲೇ ವಾದ ಇಷ್ಟು ಗೋಜಲಾಯಿತು.

ಹಾಗಿದ್ದರೆ ಅನ್ಯಾಯವೆಲ್ಲಿ, ತಂತಿ ಎಲ್ಲರಿಗೂ ಸಿಗುತ್ತದಲ್ಲ, ಎಲ್ಲರೂ ಎಸೆಯಲಿ ಎನ್ನುತ್ತಾರೆ ಇನ್ನೊಂದು ಪಕ್ಷದವರು. ಇದು ಗಟ್ಟಿಯಾದ ಆಕ್ಷೇಪ. ಉತ್ತರಕ್ಕೆ ನಮಗೆ ಚೆನ್ನಾಗಿ ಗೊತ್ತಿರುವ ಆಟವನ್ನೇ ನೋಡಬಹುದು. 1979ರ ಡಿಸೆಂಬರ್‌ನಲ್ಲಿ ಪರ್ತ್ ಟೆಸ್ಟ್‌ಗೆ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದರು. ಆಗ ಅದನ್ನು ತಡೆಯುವ ನಿಯಮ ಇರಲಿಲ್ಲ, ಬೇಕಿದ್ದವರು ಯಾರಾದರೂ ಕೊಳ್ಳಬಹುದಿತ್ತು. ಆದರೂ ಆಮೇಲೆ ಬ್ಯಾಟು ಮರದ್ದೇ ಆಗಿರಬೇಕೆಂದು ನಿಯಮ ಬಂತು. ಎಲ್ಲರಿಗೂ ಸಿಗುತ್ತದೆ ಎಂದ ಮಾತ್ರಕ್ಕೆ ಒಂದು ಸಲಕರಣೆ ಆಟಕ್ಕೆ ಹೊಂದುವುದಿಲ್ಲ. ಆಟ ಯಾವ ಕೌಶಲವನ್ನು ಪರೀಕ್ಷಿಸಲು ಹೊರಟಿದೆ ಎಂಬುದನ್ನೂ ನೋಡಬೇಕು. ಬಾಸ್ ಪಂದ್ಯಗಳು ಈ ತೀರ್ಮಾನವನ್ನು ಬಹಳ ಹಿಂದೆಯೇ ಮಾಡಿಕೊಂಡಿವೆ. ಜೀವಂತ ಎರೆ ಹಾಕುವಂತಿಲ್ಲ, ಕೃತಕ ಎರೆಯೇ ಆಗಬೇಕು. ದೋಣಿ ಓಡಿಸುತ್ತ ಹಿಂದೆ ಎರೆ ಎಳೆಯುವಂತಿಲ್ಲ. ದೋಣಿಯಲ್ಲಿ ಹತ್ತಾರು ಕೋಲು ಇಟ್ಟುಕೊಳ್ಳಬಹುದು, ನೀರಿಗೆ ಬೀಳುವುದು ಮಾತ್ರ ಒಂದು ಸಲಕ್ಕೆ ಒಂದರ ಎರೆ. ಇವುಗಳಲ್ಲಿ ಯಾವುದೂ ಬಡವರಿಗೊಂದು, ಸಿರಿವಂತರಿಗೊಂದು ಎಂದಿರಲಿಲ್ಲ. ಮೀನು ಸಿಗುವುದನ್ನು ಬೇಕೆಂದೇ ಕಷ್ಟಮಾಡಿ, ಆ ಕಷ್ಟದಲ್ಲಿ ಯಾರು ಮೇಲು ಎಂದು ನೋಡುವುದೇ ಇಲ್ಲಿನ ಆಟ. ಹಸಿವಿಗೆ ಮೀನು ಹಿಡಿಯುವವರು ಕೇಳಿದರೆ ನಕ್ಕಾರು.

ತಂತಿ ಎಸೆಯುವುದಕ್ಕೂ ಜಾಣತನ ಬೇಕು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಐದು ರಬ್ಬರ್ ಮೀನು ಹೊತ್ತ ಆ ಭಾರವನ್ನು ದಿನವಿಡೀ ಬೀಸಿದರೆ ರಟ್ಟೆ ಬೀಳುತ್ತದೆ, ಮೀನು ಎಲ್ಲಿದೆಯೆಂದು ಮೊದಲೇ ತಿಳಿದಿರಬೇಕು. ಆದರೆ ಬಾಸ್ ಹಿಡಿಯುವ ವಿದ್ಯೆಯ ಹೂರಣ ಇರುವುದು ಆಯ್ಕೆಯಲ್ಲಿ. ಈ ಹೊತ್ತಿಗೆ, ಈ ಆಳಕ್ಕೆ, ಈ ಬಣ್ಣದ ನೀರಿಗೆ ಯಾವ ಒಂದು ಎರೆ, ಅದನ್ನು ಎಷ್ಟು ನಿಧಾನವಾಗಿ ಎಳೆಯಬೇಕು? ಒಂಟಿ ಎರೆಗೆ ಬಾಯಿ ಹಾಕಲು ಹಿಂಜರಿಯುವ ಮೀನನ್ನು ಒಪ್ಪಿಸುವುದೇ ಇಲ್ಲಿ ಪರಿಣತಿ. ಹಿಂಡನ್ನೇ ತೋರಿಸಿಬಿಟ್ಟರೆ ಆ ಪರಿಣತಿಯ ಬಹುಪಾಲನ್ನು ತಂತಿಯೇ ನಿಭಾಯಿಸುತ್ತದೆ. ಮೂರು ಎರೆಗೆ ಬಿಡಬಹುದಿತ್ತಲ್ಲ ಎಂದು ರಾಜಿ ಸೂತ್ರ ಹೇಳುವವರಿದ್ದಾರೆ. ಮೂರಾದರೆ ನಾಲ್ಕೇಕೆ ಬೇಡ ಎಂಬ ಪ್ರಶ್ನೆ ಮರುದಿನವೇ ಏಳುತ್ತದೆ. ಗಾಳವಿಲ್ಲದ ಬೊಂಬೆ ಎರೆಯೋ ಅಲ್ಲವೋ ಎಂದು ತೀರ್ಪುಗಾರ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಒಂದು ದಾರ, ಒಂದು ಎರೆ ಎಂದರೆ ಪಕ್ಕದ ದೋಣಿಯಲ್ಲಿ ಕುಳಿತವರಿಗೂ ಕಣ್ಣಿಗೆ ಕಾಣುತ್ತದೆ.

ಉಳಿದಿರುವುದು ನಿಷೇಧ ಹಾಕಿದವರನ್ನು ನಿಜಕ್ಕೂ ಇಕ್ಕಟ್ಟಿಗೆ ಸಿಲುಕಿಸುವ ಆಕ್ಷೇಪ. ಅಂದು ಐದು ತಂತಿ ಕಂಡು ಬೆಚ್ಚಿದವರೇ ಮುಂದಿನ ವರ್ಷಗಳಲ್ಲಿ ದೋಣಿಯ ಮುಂದಿನ ನೀರನ್ನೆಲ್ಲ ಪರದೆಯ ಮೇಲೆ ತೋರಿಸುವ ಸೋನಾರ್ ಬಂದಾಗ ಬಾಗಿಲು ತೆರೆದಿಟ್ಟರು. ಮೀನು ಎಲ್ಲಿದೆ, ಎರೆಯನ್ನು ನೋಡಿ ತಿರುಗಿತೇ ಇಲ್ಲವೇ ಎಂಬುದೂ ಆ ಪರದೆಯಲ್ಲಿ ಕಾಣುತ್ತದೆ. ತಂತಿಗೆ ಹೋಲಿಸಿದರೆ ಅದರ ಬೆಲೆಯೂ ಎಷ್ಟೋ ಪಟ್ಟು. ಆಯ್ಕೆಯ ಕಷ್ಟವನ್ನು ಕಳೆಯುವುದೇ ತಪ್ಪಾದರೆ ಈ ಪರದೆ ಇನ್ನೂ ದೊಡ್ಡ ತಪ್ಪು. ಹಾಗೆಂದು ತಂತಿಯನ್ನು ಮರಳಿ ಒಳಗೆ ಕರೆಯಬೇಕಿಲ್ಲ. ಅದಕ್ಕೆ ಹಿಡಿದ ಅಳತೆಗೋಲನ್ನೇ ಪರದೆಗೂ ಹಿಡಿಯಬೇಕು. ಮೇಜರ್ ಲೀಗ್ ಫಿಶಿಂಗ್ ಸಂಸ್ಥೆ ಆ ಕಡೆ ಅರ್ಧ ಹೆಜ್ಜೆ ಇಟ್ಟಿದೆ: ತನ್ನ ಬಾಸ್ ಪ್ರೋ ಟೂರ್‌ನಲ್ಲಿ 2025ರಿಂದ ದಿನದ ಮೂರು ಅವಧಿಗಳಲ್ಲಿ ಒಂದರಲ್ಲಿ ಮಾತ್ರ ಆ ಸೋನಾರ್ ಬಳಸಬಹುದು ಎಂದು ನಿಯಮ ಮಾಡಿತು.