ಹೊಸ ಗಂಟಲು, ಹಳೇ ಬ್ಯಾಂಡು

ಮಧುಗಿರಿ, ಕೊರಟಗೆರೆ, ಶಿರಾ ಸೀಮೆಯಲ್ಲಿ ಸುಗ್ಗಿ ಮುಗಿದು ಬಿಸಿಲೇರುವ ಹೊತ್ತಿಗೆ ಊರ ಮುಂದೆ ಪೌರಾಣಿಕ ನಾಟಕದ ಫ್ಲೆಕ್ಸ್‌ಗಳು ಏಳುತ್ತವೆ. ಬಹುಪಾಲು ‘ಕುರುಕ್ಷೇತ್ರ’ವೇ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು ಎಂದು ದುಡ್ಡು ಕಟ್ಟಿ ಪಾತ್ರ ಹಿಡಿದವರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಮಟ್ಟು ಕಲಿಯುತ್ತಾರೆ. ಹೋದ ವರ್ಷದ ದುರ್ಯೋಧನ ಈ ವರ್ಷ ಬೆಂಗಳೂರಿಗೆ ಕೆಲಸಕ್ಕೆ ಹೋಗಿರಬಹುದು, ತೀರಿಕೊಂಡೇ ಇರಬಹುದು. ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಹೊಸಬನ ಗಂಟಲು ಹಾರ್ಮೋನಿಯಂನ ಕಪ್ಪು ಎರಡರ ಶ್ರುತಿಗೆ ಏರದಿದ್ದರೆ ಮೇಷ್ಟ್ರು ಕಪ್ಪು ಒಂದಕ್ಕೆ ಇಳಿಸಿಕೊಡುತ್ತಾರೆ. ಬೆಳಗಿನ ಜಾವದ ತನಕ ನಾಟಕ ನಡೆಯುತ್ತದೆ. ‘ಹಳೇ ದುರ್ಯೋಧನನೇ ಇಲ್ಲದ ಮೇಲೆ ಕುರುಕ್ಷೇತ್ರ ಯಾಕೆ?’ ಎಂದು ಯಾರೂ ಜಗಳ ತೆಗೆಯುವುದಿಲ್ಲ.

ಹೆವಿ ಮೆಟಲ್ ಸಂಗೀತದ ಅಭಿಮಾನಿಗಳು ಮಾತ್ರ ಈ ಜಗಳವನ್ನು ನಾಲ್ಕೂವರೆ ದಶಕದಿಂದ ಬಿಟ್ಟಿಲ್ಲ. ಬ್ಯಾಂಡಿನ ಗಾಯಕ ಸತ್ತರೆ ಅಥವಾ ಬಿಟ್ಟುಹೋದರೆ ಆ ಹೆಸರು ಉಳಿಯಬೇಕೆ? ಉಳಿದವರು ಹೊಸ ಗಾಯಕನನ್ನೋ ಗಾಯಕಿಯನ್ನೋ ತಂದು ಆಲ್ಬಂ ಮಾಡಿದರೆ ಅದು ಮರುಹುಟ್ಟೋ, ಹೆಸರು ಮಾರಿಕೊಳ್ಳುವ ವ್ಯಾಪಾರವೋ? 2024ರಲ್ಲಿ ಲಿಂಕಿನ್ ಪಾರ್ಕ್ ಬ್ಯಾಂಡ್ ಹೊಸ ಗಾಯಕಿಯೊಂದಿಗೆ ‘ಫ್ರಮ್ ಝೀರೋ’ ಆಲ್ಬಂ ಹೊರತಂದಾಗ ಈ ಜಗಳ ಮತ್ತೊಮ್ಮೆ ಕಾವೇರಿತು. ನಮ್ಮ ತಾಲ್ಲೂಕುಗಳ ಕಾಲೇಜು ಹುಡುಗ ಹುಡುಗಿಯರ ಮೊಬೈಲಿನಲ್ಲೂ ಇರುವ ಬ್ಯಾಂಡ್ ಅದು. ಆದ್ದರಿಂದ ಈ ಸಂಗೀತದ ಪರಿಚಯವನ್ನು ಗಾಯಕ ಬದಲಾಗುವ ಕತೆಯಿಂದಲೇ ಮಾಡಿಕೊಳ್ಳಬಹುದು.

ಮೊದಲು ಮೂಲದ ಮಾತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ಹುಡುಗ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಅವನು ಎಡಚ, ಗಿಟಾರಿನ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಮುಂದೆ ನೋವು ತಡೆಯಲು ತಂತಿಗಳನ್ನೂ ಸಡಿಲಿಸಿದ. ಸಡಿಲಿಸಿದ ತಂತಿ ತಗ್ಗಿನ, ತೂಕದ ದನಿ ಕೊಟ್ಟಿತು. ಅವನ ಗಿಟಾರಿನ ಮೇಲೆ ನಿಂತ ‘ಬ್ಲ್ಯಾಕ್ ಸಬ್ಬತ್’ ಬ್ಯಾಂಡಿನ ಮೊದಲ ಆಲ್ಬಂ ಬಂದದ್ದು 1970ರ ಫೆಬ್ರುವರಿ 13ರಂದು. ಹೆವಿ ಮೆಟಲ್‌ನ ಜನ್ಮದಿನ ಅದೇ ಎಂದು ಬಹಳ ಜನ ಒಪ್ಪುತ್ತಾರೆ.

ಈ ಸಂಗೀತದ ಒಳಗುಟ್ಟು ಬಹಳ ಕಷ್ಟದ್ದಲ್ಲ. ಷಡ್ಜ ಪಂಚಮ ಎರಡನ್ನೇ ಒಟ್ಟಿಗೆ ಮೀಟುವ ಪವರ್ ಕಾರ್ಡ್. ದನಿಯನ್ನು ಬೇಕೆಂದೇ ಒಡೆಸಿ ಗುರುಗುಟ್ಟಿಸುವ ಡಿಸ್ಟಾರ್ಷನ್. ಎರಡು ಕಾಲಿನಿಂದಲೂ ಒದೆಯುವ ಡ್ರಮ್. ಇವೆಲ್ಲದರ ನಡುವೆ ಮತ್ತೆ ಮತ್ತೆ ಸುತ್ತಿ ಬರುವ ಗಿಟಾರಿನ ಒಂದು ಮಟ್ಟು. ಅದಕ್ಕೆ ರಿಫ್ ಎನ್ನುತ್ತಾರೆ. ಸಿನಿಮಾ ಹಾಡಿನಲ್ಲಿ ಗಾಯಕ ಮುಂದೆ, ವಾದ್ಯ ಹಿಂದೆ. ಮೆಟಲ್‌ನಲ್ಲಿ ರಿಫ್ಫೇ ಯಜಮಾನ, ಗಂಟಲು ಅದರ ಜತೆ ಕಾದಾಡುವ ಇನ್ನೊಂದು ವಾದ್ಯ. ಕೆಲವರು ಶುದ್ಧ ಸ್ವರದಲ್ಲಿ ತಾರಕಕ್ಕೇರುತ್ತಾರೆ. ಕೆಲವರು ಸ್ವರತಂತುಗಳ ಮೇಲಿರುವ ಹುಸಿ ತಂತುಗಳನ್ನು ನಡುಗಿಸಿ ಗರ್ಜಿಸುತ್ತಾರೆ. ಅದನ್ನು ಕೂಗಾಟವೆಂದು ತಳ್ಳಿಹಾಕುವವರು ಒಂದು ಹಾಡಿನಷ್ಟು ಹೊತ್ತು ಹಾಗೆ ಗರ್ಜಿಸಿ ನೋಡಲಿ. ಉಸಿರಿನ ಅಭ್ಯಾಸವಿಲ್ಲದವರ ಗಂಟಲು ಮರುದಿನ ಮಾತಿಗೂ ಬರುವುದಿಲ್ಲ.

ಸಬ್ಬತ್ ಬ್ಯಾಂಡು 1979ರಲ್ಲಿ ತನ್ನ ಗಾಯಕ ಆಜಿ ಆಸ್ಬರ್ನ್‌ನನ್ನು ಹೊರಗೆ ಹಾಕಿತು. ಕುಡಿತ, ಮಾದಕ ವಸ್ತು, ಕೆಲಸಗಳ್ಳತನ ಎಲ್ಲ ಸೇರಿ ಆದದ್ದು. ಜಾಗಕ್ಕೆ ಬಂದವನು ಅಮೆರಿಕದ ರಾನಿ ಜೇಮ್ಸ್ ಡಿಯೋ. ಆಜಿಯದು ಮೂಗಿನಲ್ಲಿ ಅಳುವಂಥ ದನಿ, ಗಿಟಾರಿನ ಜತೆಜತೆಯಲ್ಲೇ ಸಾಗುವಂಥದ್ದು. ಡಿಯೋ ಗಿಟಾರನ್ನು ಬಿಟ್ಟು ಮೇಲೆ ಹಾರುವ ಗಾಯಕ. ಅಯೋಮಿ ಹೊಸ ಗಂಟಲಿಗೆ ಒಪ್ಪುವಂತೆ ಹೊಸ ರಿಫ್‌ಗಳನ್ನೇ ಕಟ್ಟಿದ. 1980ರ ‘ಹೆವನ್ ಅಂಡ್ ಹೆಲ್’ ಹುಟ್ಟಿದ್ದು ಹಾಗೆ. ನನ್ನ ಮಟ್ಟಿಗೆ ಗಾಯಕ ಬದಲಾದ ಆಲ್ಬಂಗಳಲ್ಲಿ ಇದಕ್ಕಿಂತ ಮೇಲಿನದಿಲ್ಲ. ಮೆಟಲ್ ಕಛೇರಿಗಳಲ್ಲಿ ಎಲ್ಲರೂ ಎತ್ತುವ ಎರಡು ಬೆರಳಿನ ಕೊಂಬಿನ ಮುದ್ರೆಯನ್ನು ಹಬ್ಬಿಸಿದವನೂ ಡಿಯೋನೇ. ಅವನ ಇಟಾಲಿಯನ್ ಮೂಲದ ಅಜ್ಜಿ ಕೆಟ್ಟ ದೃಷ್ಟಿ ತಾಗದಿರಲೆಂದು ಮಾಡುತ್ತಿದ್ದ ಸನ್ನೆಯದು. ಸೈತಾನನ ಗುರುತೆಂದು ಹೆದರುವವರಿಗೆ ಇದನ್ನು ಹೇಳಬೇಕು. ದೃಷ್ಟಿ ತೆಗೆಯುವ ಅಜ್ಜಿಯರು ನಮಗೆ ಹೊಸಬರಲ್ಲ.

ಅದೇ ವರ್ಷ ಇನ್ನೊಂದು ಘಟನೆ. ಎಸಿ/ಡಿಸಿ ಬ್ಯಾಂಡಿನ ಗಾಯಕ ಬಾನ್ ಸ್ಕಾಟ್ ಫೆಬ್ರುವರಿ 19ರಂದು ಲಂಡನ್ನಿನಲ್ಲಿ ತೀರಿಕೊಂಡ. ಬ್ಯಾಂಡಿನವರು ಬ್ರಿಯಾನ್ ಜಾನ್ಸನ್‌ನನ್ನು ಕರೆತಂದು ಜುಲೈ 25ಕ್ಕೆಲ್ಲ ‘ಬ್ಯಾಕ್ ಇನ್ ಬ್ಲ್ಯಾಕ್’ ಹೊರತಂದರು. ಐದೇ ತಿಂಗಳು, ಸೂತಕ ಕಳೆದ ಕೂಡಲೇ ಎನ್ನಬಹುದು. ಸೂತಕವನ್ನು ಅವರು ಮುಚ್ಚಿಡಲೂ ಇಲ್ಲ: ಹೊದಿಕೆ ಪೂರಾ ಕಪ್ಪು, ಮೊದಲ ಹಾಡು ಗಂಟೆಯ ಬಡಿತದಿಂದ ಶುರು. ರಾಕ್ ಚರಿತ್ರೆಯಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಅದೂ ಒಂದು. (ಎಸಿ/ಡಿಸಿ ಮೆಟಲ್ಲೋ ಹಾರ್ಡ್ ರಾಕ್ಕೋ ಎಂಬ ವಾದ ಎತ್ತುವವರಿಗೆ ಇಲ್ಲಿಂದಲೇ ನಮಸ್ಕಾರ.)

ಈಗ ಬೆಂಗಳೂರಿಗೆ ಬರೋಣ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡಿತು. ಕರ್ನಾಟಕದ ಮೆಟಲ್ ಕೇಳುಗರಿಗೆ ಅದು ಶಕವರ್ಷ: ಯಾವುದನ್ನೂ ಅದಕ್ಕೆ ಮುಂಚೆ, ಅದರ ನಂತರ ಎಂದೇ ಎಣಿಸುತ್ತಾರೆ. ಅಂದು ಮೈದಾನದ ಜನ ಎದೆಗಪ್ಪಿಕೊಂಡ ಬ್ರೂಸ್ ಡಿಕಿನ್ಸನ್ ಕೂಡ ಆ ಬ್ಯಾಂಡಿನ ಮೊದಲ ಗಾಯಕನಲ್ಲ. 1981ರಲ್ಲಿ ಪಾಲ್ ಡಿಯಾನೊ ಹೋದ ಮೇಲೆ ಬಂದವನು. ಅವನ ಮೊದಲ ಆಲ್ಬಂ 1982ರ ‘ದಿ ನಂಬರ್ ಆಫ್ ದಿ ಬೀಸ್ಟ್’. 1993ರಲ್ಲಿ ಅವನೂ ಬಿಟ್ಟ, ಬ್ಲೇಜ್ ಬೇಲಿ ಬಂದ, ಎರಡು ಆಲ್ಬಂ ಮಾಡಿದ, ಜನ ಅಷ್ಟಾಗಿ ಒಪ್ಪಲಿಲ್ಲ. 1999ರಲ್ಲಿ ಡಿಕಿನ್ಸನ್ ಮರಳಿದ. ಬೇಲಿಯ ಕಾಲದ ಒಂದೆರಡು ಹಾಡುಗಳನ್ನು ಡಿಕಿನ್ಸನ್ ಈಚಿನವರೆಗೂ ಹಾಡಿದ್ದಾನೆ, ಅವನ ಗಂಟಲಿನಲ್ಲಿ ಅವಕ್ಕೆ ದೊಡ್ಡ ಚಪ್ಪಾಳೆಯೂ ಬೀಳುತ್ತದೆ. ಬೇಲಿಗೆ ಸಿಕ್ಕಿದ್ದ ಹಾಡುಗಳು ಕೆಟ್ಟವಲ್ಲ ಎಂದಾಯಿತು. ಬ್ಯಾಂಡು ಅವನ ಮಂದ್ರದ ದನಿಗೆ ಶ್ರುತಿ ಇಳಿಸದೆ ಹಳೆಯ ಎತ್ತರದಲ್ಲೇ ಹಾಡಿಸಿತು, ತಪ್ಪು ಮೇಷ್ಟ್ರದು.

ಬೆಂಗಳೂರಿನ ಮೆಟಲ್ ಪರಂಪರೆ ಮೇಡನ್‌ಗಿಂತ ಹಳೆಯದು. ಎಂಬತ್ತರ ದಶಕದ ಕೊನೆಗೇ ‘ಮಿಲೇನಿಯಂ’ ಎಂಬ ಬ್ಯಾಂಡ್ ಇತ್ತು. ರಾಷ್ಟ್ರೀಯ ಕಾನೂನು ಶಾಲೆಯ ‘ಸ್ಟ್ರಾಬೆರಿ ಫೀಲ್ಡ್ಸ್’ನಂಥ ಕಾಲೇಜು ಸ್ಪರ್ಧೆಗಳು, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜಾಮ್ ರೂಮುಗಳು ಹುಡುಗರನ್ನು ಬೆಳೆಸಿದವು. 2012ರಲ್ಲಿ ‘ಬೆಂಗಳೂರ್ ಓಪನ್ ಏರ್’ ಉತ್ಸವ ಶುರುವಾಯಿತು. ಮೊದಲ ವರ್ಷವೇ ಜರ್ಮನಿಯ ಕ್ರಿಯೇಟರ್ ಬಂದು ನುಡಿಸಿತು. ಬೆಂಗಳೂರಿನ ಬ್ಯಾಂಡುಗಳಲ್ಲಿ ಹೆಚ್ಚು ದೂರ ನಡೆದವರು ‘ಕ್ರಿಪ್ಟೋಸ್’. 1998ರಲ್ಲಿ ಹುಟ್ಟಿ, 2004ರ ‘ಸ್ಪೈರಲ್ ಅಸೆಂಟ್’ನಿಂದ 2024ರ ‘ಡೆಸಿಮೇಟರ್’ವರೆಗೆ ಏಳು ಆಲ್ಬಂ ಮಾಡಿದ್ದಾರೆ. ಜರ್ಮನಿಯ ವಾಕನ್ ಊರಿನಲ್ಲಿ ನಡೆಯುವ ಮೆಟಲ್ ಜಾತ್ರೆಯಲ್ಲೂ ನುಡಿಸಿದ್ದಾರೆ. ಗಾಯಕ ಬದಲಾಗುವ ಕತೆ ಇಲ್ಲೂ ಇದೆ. ಆರಂಭದಲ್ಲಿ ಬೇಸ್ ಗಿಟಾರ್ ನುಡಿಸುತ್ತ ಹಾಡುತ್ತಿದ್ದ ಗಣೇಶ್ ಕೃಷ್ಣಸ್ವಾಮಿ ಹೊರಬಿದ್ದ ಮೇಲೆ ಹೊರಗಿನಿಂದ ಯಾರನ್ನೂ ತರದೆ ಗಿಟಾರಿನ ನೋಲನ್ ಲೂಯಿಸ್ ಮೈಕನ್ನು ಪೂರ್ತಿ ತನ್ನದಾಗಿಸಿಕೊಂಡ. ಗಣೇಶ್ ಮುಂದೆ ‘ಬೇವರ್ ಸೀ’ ಬ್ಯಾಂಡಿನ ಕಂಠವಾದ. ಹೆಸರನ್ನು ಬೇಗ ಉಚ್ಚರಿಸಿದರೆ ನಮ್ಮ ಬೈಗುಳವೊಂದು ಕೇಳುತ್ತದೆ, ಅದು ಬೇಕೆಂದೇ ಇಟ್ಟದ್ದು. ಹೀಗೆ ಒಂದು ಬ್ಯಾಂಡು ಒಡೆದು ಊರಿಗೆ ಎರಡು ಬ್ಯಾಂಡ್ ಲಾಭವಾಯಿತು. ಇಬ್ಬರದೂ ಇಂಗ್ಲಿಷ್ ಹಾಡುಗಳೇ ಎಂಬ ಕೊರಗು ಮಾತ್ರ ನನಗೆ ಉಳಿದಿದೆ.

ಹಳಬನನ್ನೇ ಅಚ್ಚೊತ್ತಿದ ಹೊಸಬ ಸಿಕ್ಕರೆ ಸಮಸ್ಯೆ ತೀರಿತಲ್ಲ ಎನ್ನಬಹುದು. ಜೂಡಸ್ ಪ್ರೀಸ್ಟ್ ಅದನ್ನೂ ಮಾಡಿ ನೋಡಿತು. ರಾಬ್ ಹ್ಯಾಲ್‌ಫರ್ಡ್ ಬಿಟ್ಟ ಮೇಲೆ, ಅವರದೇ ಹಾಡುಗಳನ್ನು ಹಾಡಿಕೊಂಡಿದ್ದ ಅನುಕರಣೆಯ ತಂಡವೊಂದರ ಗಾಯಕ ಟಿಮ್ ಓವನ್ಸ್‌ನನ್ನು ಕರೆತಂದರು. ಹ್ಯಾಲ್‌ಫರ್ಡ್ ಏರುವ ಎತ್ತರಕ್ಕೆಲ್ಲ ಅವನೂ ಏರುತ್ತಿದ್ದ. 1997ರ ‘ಜಗ್ಯುಲೇಟರ್’ ಬಂತು, ಹೋಯಿತು. 2003ರಲ್ಲಿ ಹ್ಯಾಲ್‌ಫರ್ಡ್ ವಾಪಸಾದ. ಇದಕ್ಕೆ ಎದುರು ನಿಲ್ಲುವುದು ಆಲಿಸ್ ಇನ್ ಚೈನ್ಸ್. ಲೇನ್ ಸ್ಟೇಲಿ 2002ರ ಏಪ್ರಿಲ್‌ನಲ್ಲಿ ಸತ್ತ. ವಿಲಿಯಂ ಡುವಾಲ್ ಜತೆ ಅವರು ಆಲ್ಬಂ ತಂದದ್ದು 2009ರಲ್ಲಿ, ಹಿಂದಿನ ಆಲ್ಬಮಿನಿಂದ 14 ವರ್ಷದ ಮೇಲೆ. ಡುವಾಲ್ ಸತ್ತವನ ಖುರ್ಚಿಯಲ್ಲಿ ಕೂರಲಿಲ್ಲ, ಗಿಟಾರಿನ ಜೆರಿ ಕ್ಯಾಂಟ್ರೆಲ್ ಪಕ್ಕದಲ್ಲಿ ನಿಂತು ಜೋಡಿಯಾಗಿ ಹಾಡಿದ. ಆಲ್ಬಮಿನ ಕೊನೆಯ ಹಾಡು ಸ್ಟೇಲಿಗೆ ವಿದಾಯ. ಅದಕ್ಕೆ ಪಿಯಾನೋ ನುಡಿಸಿದವರು ಎಲ್ಟನ್ ಜಾನ್. ಜರ್ಮನಿಯ ಆಕ್ಸೆಪ್ಟ್ ಕೂಡ 14 ವರ್ಷ ಹೊಸ ಆಲ್ಬಂ ಇಲ್ಲದೆ ಇದ್ದು 2010ರಲ್ಲಿ ಮಾರ್ಕ್ ಟೊರ್ನಿಲೊ ಎಂಬ ಹೊಸ ಗಾಯಕನೊಂದಿಗೆ ‘ಬ್ಲಡ್ ಆಫ್ ದಿ ನೇಷನ್ಸ್’ ತಂದಿತು. ಮರಳಿ ಬಂದ ಮುದುಕರ ಆಲ್ಬಂ ಅಷ್ಟು ಹುರುಪಿನದಾಗಿರುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

ಲಿಂಕಿನ್ ಪಾರ್ಕ್‌ನದು ಇವೆಲ್ಲಕ್ಕಿಂತ ಸೂಕ್ಷ್ಮ. 2000ದ ‘ಹೈಬ್ರಿಡ್ ಥಿಯರಿ’, 2003ರ ‘ಮೆಟಿಯೋರಾ’ ಕೇಳಿ ಬೆಳೆದ ತಲೆಮಾರಿಗೆ ಚೆಸ್ಟರ್ ಬೆನ್ನಿಂಗ್ಟನ್ ಬರೀ ಗಾಯಕನಾಗಿರಲಿಲ್ಲ. ಹೇಳಿಕೊಳ್ಳಲಾಗದ ಸಂಕಟಕ್ಕೆ ದನಿ ಕೊಟ್ಟವನಾಗಿದ್ದ. 2017ರ ಜುಲೈ 20ರಂದು, 41ನೇ ವಯಸ್ಸಿನಲ್ಲಿ ಅವನು ತನ್ನ ಜೀವ ತೆಗೆದುಕೊಂಡ. ಅಕ್ಟೋಬರ್‌ನಲ್ಲಿ ನಡೆದ ಸ್ಮರಣೆಯ ಕಛೇರಿಯಲ್ಲಿ ‘ನಂಬ್’ ಹಾಡಿಗೆ ಮೈಕನ್ನು ಖಾಲಿ ಬಿಟ್ಟರು, ನೆರೆದವರೇ ಹಾಡಿದರು. ಆಮೇಲೆ ಹೆಚ್ಚುಕಡಿಮೆ ಏಳು ವರ್ಷ ಬ್ಯಾಂಡು ವೇದಿಕೆಗೆ ಬರಲಿಲ್ಲ.

2024ರ ಸೆಪ್ಟೆಂಬರ್ 5ರಂದು ‘ಡೆಡ್ ಸಾರಾ’ ಬ್ಯಾಂಡಿನ ಎಮಿಲಿ ಆರ್ಮ್‌ಸ್ಟ್ರಾಂಗ್ ಅವರನ್ನು ಹೊಸ ಗಾಯಕಿ ಎಂದು ತೋರಿಸಿದಾಗ ಅರ್ಧ ಲೋಕ ಕುಣಿಯಿತು, ಅರ್ಧ ಲೋಕ ಮುನಿಯಿತು. ಹೆಣ್ಣುದನಿಯನ್ನು ಆರಿಸಿದ್ದೇ ಜಾಣತನ ಎಂದು ನನ್ನೆಣಿಕೆ. ಗಂಡು ಬಂದಿದ್ದರೆ ಪ್ರತಿ ಸಾಲಿಗೂ ಚೆಸ್ಟರ್ ಜತೆ ತಕ್ಕಡಿಗೆ ಹಾಕುತ್ತಿದ್ದರು. ನವೆಂಬರ್ 15ಕ್ಕೆ ‘ಫ್ರಮ್ ಝೀರೋ’ ಬಂತು. ಬ್ಯಾಂಡಿನ ಮೊಟ್ಟಮೊದಲ ಹೆಸರು ‘ಝೀರೋ’ ಎಂದಿತ್ತು, ಅಲ್ಲಿಗೇ ಮರಳಿದೆವು ಎಂಬ ಇಶಾರೆ. ಡ್ರಮ್ಮಿಗೆ ಕಾಲಿನ್ ಬ್ರಿಟನ್ ಹೊಸಬ. ಅರ್ಧ ಗಂಟೆಗೆ ಸ್ವಲ್ಪ ಮೇಲ್ಪಟ್ಟ ಪುಟ್ಟ ಆಲ್ಬಂ. 2007ರ ‘ಗಿವನ್ ಅಪ್’ ಹಾಡಿನಲ್ಲಿ ಚೆಸ್ಟರ್ ಒಂದೇ ಉಸಿರಿಗೆ 17 ಸೆಕೆಂಡ್ ಚೀರಿದ್ದು ಅಭಿಮಾನಿಗಳಿಗೆ ಬಾಯಿಪಾಠ. ‘ಹೆವಿ ಈಸ್ ದಿ ಕ್ರೌನ್’ನಲ್ಲಿ ಎಮಿಲಿ ಅದಕ್ಕೆ ಸಮಸಮವೆನ್ನುವಷ್ಟು ಉದ್ದದ ಚೀರು ಹಾಕಿದ್ದಾರೆ. ಅದು ಬೆದರಿಕೆಯೂ ಹೌದು, ನಮಸ್ಕಾರವೂ ಹೌದು. ಆದರೆ ಆಲ್ಬಮಿನ ಬಲ ಆ ಚೀರಿನಲ್ಲಿಲ್ಲ. ಬ್ಯಾಂಡಿನ ಇನ್ನೊಬ್ಬ ಗಾಯಕ ಮೈಕ್ ಶಿನೋಡ ಮೆಲ್ಲಗೆ ಹಾಡಿ ಸರಿದು, ಎಮಿಲಿ ಅದೇ ಮಟ್ಟನ್ನು ಹರಿದು ಎತ್ತಿಕೊಳ್ಳುವ ಕಡೆಗಳಲ್ಲಿದೆ. ಹಳೆಯ ಅಚ್ಚಿಗೆ ತೀರಾ ಅಂಟಿಕೊಂಡಿರುವ ಕೆಲವು ಹಾಡುಗಳು ಅಂಜಿಕೆಯಿಂದ ಕಟ್ಟಿದವು. ಮುಂದಿನ ಆಲ್ಬಂ ಇದಕ್ಕಿಂತ ಧೈರ್ಯದ್ದಾಗಬೇಕು.

ಪಾತ್ರಧಾರಿ ಬದಲಾದರೆ ನಮ್ಮ ಹಳ್ಳಿ ಒಪ್ಪುತ್ತದೆ, ಮೆಟಲ್ ಅಭಿಮಾನಿ ಯಾಕೆ ಒಪ್ಪುವುದಿಲ್ಲ? ಶಿರಾ ಸೀಮೆಯ ಕಾಡುಗೊಲ್ಲರು ಗಣೆ ಊದಿ ತಮ್ಮ ದೈವ ಜುಂಜಪ್ಪನ ಕಾವ್ಯ ಹಾಡುತ್ತಾರೆ. ಎಷ್ಟು ಗಂಟಲು ದಾಟಿ ಬಂದಿದೆಯೋ ಅದು, ಕಾವ್ಯ ಮಾತ್ರ ಜುಂಜಪ್ಪನದು. ಅಲ್ಲಿ ಹಾಡು ಗಾಯಕನಿಂದ ಗಾಯಕನಿಗೆ ದಾಟುತ್ತದೆ. ಹಿಂದಿನವನ ದನಿ ನೆನಪಿನಲ್ಲಷ್ಟೇ ಉಳಿದು ಮೆಲ್ಲಗೆ ಮಾಸುತ್ತದೆ. ಆಲ್ಬಮಿನಲ್ಲಿ ದನಿ ಮಾಸುವುದಿಲ್ಲ. ಹದಿನಾರರ ಹುಡುಗಿ ಇಯರ್‌ಫೋನಿನಲ್ಲಿ ಸಾವಿರ ಸಲ ಕೇಳುವುದು ಅದೇ ಉಸಿರು, ಅದೇ ಬಿರುಕು. ಗಾಯಕನ ಜಾಗವನ್ನು ಭರ್ತಿ ಮಾಡಲಾಗದಂತೆ ಮಾಡಿದ್ದು ಧ್ವನಿಮುದ್ರಣ. ಈಗ ನಮ್ಮ ನಾಟಕಗಳೂ ಯೂಟ್ಯೂಬಿಗೆ ಏರುತ್ತಿವೆ. ಮಧುಗಿರಿಯಲ್ಲೋ, ತೆಲುಗು ಪದ್ಯಗಳಿಗೂ ಕಿವಿ ಕೊಡುವ ಪಾವಗಡದಲ್ಲೋ ಹೊಸ ದುರ್ಯೋಧನನನ್ನು ಮೂರು ವರ್ಷ ಹಿಂದಿನ ವಿಡಿಯೋ ಜತೆ ತೂಗುವ ಕಾಲ ದೂರವಿಲ್ಲ.

ಇಂಗ್ಲಿಷ್ ಹಾಡುಗಳ ಕೊರಗಿಗೆ ಮರಳಿದರೆ, ದೆಹಲಿಯ ಬ್ಲಡಿವುಡ್ ಬ್ಯಾಂಡ್ ಹಿಂದಿ, ಪಂಜಾಬಿ ಮಾತಿಗೆ ಢೋಲು ಸೇರಿಸಿ 2019ರಲ್ಲಿ ವಾಕನ್ ತಲುಪಿತು. ಒತ್ತಕ್ಷರ ತುಂಬಿದ ನಮ್ಮ ಮಾತು, ಜಾತ್ರೆಯ ಉರುಮೆ, ತಮಟೆ ಮೆಟಲ್ಲಿಗೆ ಇನ್ನೂ ಚೆನ್ನಾಗಿ ಒಗ್ಗುತ್ತವೆ. ಗಿಟಾರು ಹಿಡಿದ ನಮ್ಮ ಹುಡುಗರು ಕೈಹಾಕಿ ನೋಡಬೇಕು.

ಕೇಳಿ ತಿಳಿಯಬೇಕೆನ್ನುವವರಿಗೆ ಒಂದು ಸಲಹೆ. ಮಧುಗಿರಿಯಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರು. ಮೂರು ಆಲ್ಬಂ ಕೇಳಲು ಬಸ್ಸಿನಲ್ಲಿ ಬೇಕಾದಷ್ಟು ಹೊತ್ತು ಸಿಗುತ್ತದೆ. ‘ಹೆವನ್ ಅಂಡ್ ಹೆಲ್’ ಮೊದಲು, ಆಮೇಲೆ ‘ಬ್ಯಾಕ್ ಇನ್ ಬ್ಲ್ಯಾಕ್’, ಕೊನೆಗೆ ‘ಫ್ರಮ್ ಝೀರೋ’. ಹಳೆಯ ಗಾಯಕರ ಆಲ್ಬಂಗಳನ್ನು ಇವಾದ ಮೇಲೆ ಕೇಳಿ, ಮುಂಚೆ ಬೇಡ.